ಗಿಟಾರು ವಾದಕನ ಉಗುರು: ಬಲಪಡಿಸುವ ಬಗೆ, ಕಾಪಾಡುವ ಬಗೆ



ಕಳೆದ ಮಳೆಗಾಲದಲ್ಲಿ ಒಂದು ಸಂಜೆ, ನಮ್ಮಲ್ಲಿಗೆ ನಿತ್ಯ ಪತ್ರಿಕೆ ಓದಲು ಬರುವ ತರುಣನೊಬ್ಬ ತನ್ನ ಬಲಗೈಯನ್ನು ಮೇಜಿನ ಮೇಲೆ ಚಾಚಿ, “ಅಣ್ಣಾ, ಈ ಕೈಗೆ ಗಿಟಾರು ಒಗ್ಗುವುದಿಲ್ಲವಂತೆ, ಹೌದೇ?” ಎಂದು ಕೇಳಿದ. ಈತ ಕುಂದಾಪುರದ ಕಡೆಯವನು. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ. ನೆರೆಯ ಖೋಲಿಯ ಹಿರಿಯರೊಬ್ಬರ ಬಳಿ ಎರಡು ವರ್ಷಗಳಿಂದ ಸ್ಪೇನ್ ದೇಶದ ಫ್ಲಮೆಂಕೊ ಗಿಟಾರನ್ನು ಕಲಿಯುತ್ತಿದ್ದಾನೆ. ಆ ವಾದನಕ್ಕೆ ಬಲಗೈಯ ಉಗುರುಗಳು ಬೇಕೇ ಬೇಕು. ಇವನ ಉಗುರುಗಳಾದರೋ ಈರುಳ್ಳಿಯ ಸಿಪ್ಪೆಯಂತೆ ಪದರು ಪದರಾಗಿ ಎದ್ದುಹೋಗಿದ್ದವು. ಯಾರದೋ ಮಾತು ಕೇಳಿ ಪಗಾರದ ಒಳ್ಳೆಯ ಪಾಲನ್ನು ಗುಳಿಗೆಗಳಿಗೆ ಸುರಿದಿದ್ದ. ಗುಣ ಕಾಣಲಿಲ್ಲ. ಕಲಿಯುವುದನ್ನೇ ಬಿಟ್ಟುಬಿಡಬೇಕೆಂದು ಮನಸ್ಸು ಮಾಡಿಕೊಂಡು ಬಂದಿದ್ದ.

ಅಂದು ನಾನು ಅವನಿಗೆ ಸರಿಯಾದ ಉತ್ತರ ಕೊಡಲಾರದೆ ಹೋದೆ. ಅಷ್ಟೇ ಅಲ್ಲ, ಮುಂದೆ ಒಂದು ತಪ್ಪನ್ನೂ ಮಾಡಿದೆ. ಅದನ್ನು ಅದರ ಸ್ಥಳದಲ್ಲಿ ಹೇಳುತ್ತೇನೆ. ಆಮೇಲೆ ಪುಸ್ತಕಗಳನ್ನು ತಿರುವಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಪಾಠದ ರೂಪದಲ್ಲಿ ಬರೆದಿದ್ದೇನೆ. ಗಿಟಾರನ್ನು ಮುಟ್ಟದವರಿಗೂ, ದಿನವಿಡೀ ನೀರು, ಸಾಬೂನು, ಕಾಗದದ ಕಟ್ಟುಗಳಲ್ಲಿ ಕೈಯಾಡಿಸುವವರಿಗೂ ಇದರಲ್ಲಿ ಒಂದೆರಡು ಮಾತು ಉಪಯೋಗಕ್ಕೆ ಬಂದೀತು.

1. ಫ್ಲಮೆಂಕೊ ವಾದನಕ್ಕೆ ಉಗುರೇಕೆ?

ಸ್ಪೇನ್ ದೇಶದ ದಕ್ಷಿಣಕ್ಕೆ ಆಂದಲೂಸಿಯಾ ಎಂಬ ಸೀಮೆಯಿದೆ. ಹಾಡು, ಕುಣಿತ, ಗಿಟಾರು ಈ ಮೂರೂ ಕೂಡಿದ ಫ್ಲಮೆಂಕೊ ಕಲೆ ಬೆಳೆದದ್ದು ಅಲ್ಲಿ. ಅದನ್ನು ಬೆಳೆಸಿದವರಲ್ಲಿ ಹಿತಾನೊ ಎಂಬ ಜನರ ಪಾಲು ದೊಡ್ಡದು. ಸುಮಾರು ಸಾವಿರ ವರ್ಷಗಳ ಹಿಂದೆ ನಮ್ಮ ದೇಶದ ವಾಯವ್ಯ ಭಾಗವನ್ನು ಬಿಟ್ಟು ಪಶ್ಚಿಮಕ್ಕೆ ಹೋದ ರೋಮಾ ಜನಾಂಗದ ಒಂದು ಶಾಖೆಯೇ ಇವರು. ಸ್ಪೇನಿನ ದಾಖಲೆಗಳಲ್ಲಿ 1425ರಿಂದ ಇವರ ಸುದ್ದಿ ಸಿಗುತ್ತದೆ. ಊರು ಬಿಟ್ಟವರ ಕಲೆಯೆಂದ ಮೇಲೆ ಊರು ಬಿಟ್ಟು ಬಂದ ನಮ್ಮ ಹುಡುಗನಿಗೆ ಅದು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. 2010ರಲ್ಲಿ ಯುನೆಸ್ಕೊ ಸಂಸ್ಥೆಯು ಫ್ಲಮೆಂಕೊವನ್ನು ಮಾನವಕುಲದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ತಂತಿಯನ್ನು ಬೆರಳಿನ ಮಾಂಸದಿಂದ ಮೀಟಬೇಕೇ, ಉಗುರಿನಿಂದ ಮೀಟಬೇಕೇ ಎಂಬ ಚರ್ಚೆ ಸ್ಪೇನಿನ ಗಿಟಾರು ಲೋಕದಲ್ಲಿ ಹಳೆಯದು. ಫೆರ್ನಾಂದೊ ಸೋರ್ (1778–1839) ಮಾಂಸದ ಪಕ್ಷ. ದಿಯೊನೀಸಿಯೊ ಅಗ್ವಾದೊ (1784–1849) ಉಗುರಿನ ಪಕ್ಷ. ಪಕ್ಷ ಬೇರೆಯಾದರೂ ಇಬ್ಬರೂ ಆಪ್ತ ಸ್ನೇಹಿತರಾಗಿದ್ದರು. ಫ್ರಾನ್ಸಿಸ್ಕೊ ತಾರ್ರೆಗ (1852–1909) ಕೊನೆಯ ವರ್ಷಗಳಲ್ಲಿ ಉಗುರನ್ನು ಕತ್ತರಿಸಿ ಮಾಂಸದಿಂದಲೇ ನುಡಿಸಿದರು. ಆಂದ್ರೇಸ್ ಸೆಗೋವಿಯಾ (1893–1987) ಎರಡನ್ನೂ ಕೂಡಿಸಿ, ತಂತಿ ಮೊದಲು ಮಾಂಸಕ್ಕೆ ತಾಗಿ ಉಗುರಿನ ಅಂಚಿನಿಂದ ಜಾರಿ ಬಿಡುವಂತೆ ನುಡಿಸಿದರು.

ಫ್ಲಮೆಂಕೊದಲ್ಲಿ ಈ ಚರ್ಚೆಗೆ ಎಡೆಯೇ ಇಲ್ಲ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಈ ಕಲೆ ಗಾನದ ಕಾಫಿಗೃಹಗಳಲ್ಲಿ ಬೆಳೆಯಿತು. ಧ್ವನಿವರ್ಧಕವಿಲ್ಲದ ಕಾಲ. ಕುಣಿಯುವವರ ಹಿಮ್ಮಡಿಯ ಸದ್ದು, ಹಾಡುವವರ ಕೊರಳು, ಸುತ್ತಲಿನ ಚಪ್ಪಾಳೆ, ಇವೆಲ್ಲದರ ನಡುವೆ ಗಿಟಾರು ಕೇಳಿಸಬೇಕಾದರೆ ಉಗುರಿನ ಖಣಖಣ ಬೇಕು. ವಾದನದ ಕ್ರಮಗಳೂ ಹಾಗೆಯೇ ಇವೆ. ಮುಖ್ಯವಾದ ನಾಲ್ಕನ್ನು ನೋಡೋಣ.

ರಾಸ್ಗೆಆದೊ: ಮಡಿಸಿದ ಬೆರಳುಗಳನ್ನು ಒಂದರ ಹಿಂದೊಂದು ಹೊರಕ್ಕೆ ಚಿಮ್ಮಿ ಎಲ್ಲ ತಂತಿಗಳನ್ನೂ ಸವರುವುದು. ಇಲ್ಲಿ ಉಗುರಿನ ಬೆನ್ನು ತಂತಿಗೆ ಬಡಿಯುತ್ತದೆ.

ಪಿಕಾದೊ: ತೋರುಬೆರಳು, ನಡುಬೆರಳುಗಳಿಂದ ಒಂದಾದ ಮೇಲೊಂದರಂತೆ ವೇಗವಾಗಿ ಸ್ವರಗಳನ್ನು ಮೀಟುವುದು. ಇಲ್ಲಿ ಉಗುರಿನ ತುದಿ ದುಡಿಯುತ್ತದೆ.

ಅಲ್ಸಪೂಅ: ಹೆಬ್ಬೆರಳಿನ ಉಗುರನ್ನೇ ಮೀಟುಕಡ್ಡಿಯಂತೆ ಕೆಳಕ್ಕೂ ಮೇಲಕ್ಕೂ ಆಡಿಸುವುದು.

ಗೋಲ್ಪೆ: ನುಡಿಸುತ್ತ ನುಡಿಸುತ್ತ ಉಂಗುರದ ಬೆರಳಿನಿಂದ ಗಿಟಾರಿನ ಮುಖಕ್ಕೆ ತಾಳವಾಗಿ ಕುಟ್ಟುವುದು. ಮರಕ್ಕೆ ಗಾಯವಾಗದಿರಲೆಂದು ಅಲ್ಲಿ ಒಂದು ತೆಳು ಹಾಳೆಯನ್ನು ಅಂಟಿಸಿರುತ್ತಾರೆ. ಮರಕ್ಕೆ ಹಾಳೆಯ ರಕ್ಷಣೆ ಉಂಟು, ಉಗುರಿಗೆ ಇಲ್ಲ.

ನಮ್ಮ ಸಿತಾರಿನವರು ತೋರುಬೆರಳಿಗೆ ತಂತಿಯ ಮಿಜರಾಬು ತೊಡುತ್ತಾರೆ. ಮರಾಠಿಗರು ಅದನ್ನು ನಖಿ ಎನ್ನುತ್ತಾರೆ, ಎಂದರೆ ತೊಡುವ ಉಗುರು. ಫ್ಲಮೆಂಕೊದಲ್ಲಿ ಐದೂ ಬೆರಳಿಗೆ ಕೆಲಸವಿದೆ, ಒಳಕ್ಕೂ ಹೊರಕ್ಕೂ ಇದೆ. ಆದುದರಿಂದ ದೇವರು ಕೊಟ್ಟ ಉಗುರನ್ನೇ ಕಾಪಾಡಿಕೊಳ್ಳಬೇಕು.

2. ಉಗುರೆಂದರೇನು?

ಇದೇ ಈ ಪಾಠದ ಮುಖ್ಯ ಭಾಗ. ಇದು ತಿಳಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ.

ಕೂದಲು, ದನದ ಕೊಂಬು ಇವುಗಳಲ್ಲಿರುವ ಕೆರಾಟಿನ್ ಎಂಬ ಪದಾರ್ಥವೇ ಉಗುರಿನಲ್ಲಿಯೂ ಇದೆ. ಉಗುರಿನ ಬುಡ ಚರ್ಮದ ಅಡಿಯಲ್ಲಿದೆ. ಅಲ್ಲಿ ಜೀವಕೋಶಗಳು ಹುಟ್ಟಿ, ಚಪ್ಪಟೆಯಾಗಿ, ಗಟ್ಟಿಯಾಗಿ, ಒಂದರ ಮೇಲೊಂದು ಪದರಾಗಿ ಮುಂದಕ್ಕೆ ಸರಿಯುತ್ತವೆ. ಹೊರಗೆ ಕಾಣುವ ಭಾಗದಲ್ಲಿ ಜೀವವಿಲ್ಲ. ಅದಕ್ಕೆಂದೇ ಕತ್ತರಿಸಿದರೆ ನೋವಾಗುವುದಿಲ್ಲ. ಕೈಬೆರಳ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರಿನಂತೆ ಬೆಳೆಯುತ್ತದೆ. ಬುಡದಲ್ಲಿ ಇಂದು ಹುಟ್ಟಿದ ಭಾಗ ತುದಿಗೆ ಬರಲು ಹೆಚ್ಚುಕಡಿಮೆ ಆರು ತಿಂಗಳು ಬೇಕು.

ಇದರಿಂದ ಎರಡು ಮಾತು ಸಿದ್ಧವಾಗುತ್ತವೆ. ಒಂದು, ಉಗುರಿನ ಮೇಲೆ ಏನು ಹಚ್ಚಿದರೂ ಅದು ಉಗುರಿಗೆ ಆಹಾರವಾಗುವುದಿಲ್ಲ. ಬಣಗಿದ ಕಟ್ಟಿಗೆಗೆ ಗೊಬ್ಬರ ಹಾಕಿದಂತೆ. ಎರಡು, ಇಂದಿನಿಂದ ಚೆನ್ನಾಗಿ ಉಂಡರೂ ಅದರ ಫಲ ತುದಿಯಲ್ಲಿ ಕಾಣುವುದು ಆರು ತಿಂಗಳ ಮೇಲೆ. ಎಂಟು ದಿನದಲ್ಲಿ ಉಗುರು ಕಬ್ಬಿಣವಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಉಗುರು ಬೆಳೆಯುವುದು ಬುಡದಲ್ಲಿ, ಕಾಪಾಡಬೇಕಾದದ್ದು ತುದಿಯಲ್ಲಿ.

3. ಆಹಾರ ಮತ್ತು ಗುಳಿಗೆ

ಉಗುರು ಗಟ್ಟಿಯಾಗಲು ಸುಣ್ಣದ ಅಂಶ ಬೇಕು, ಉಗುರಿನ ಮೇಲೆ ಬಿಳಿ ಚುಕ್ಕೆ ಬಿದ್ದರೆ ಸುಣ್ಣ ಕಡಿಮೆಯಾಗಿದೆ ಎಂಬ ಮಾತು ಎಲ್ಲೆಡೆ ಇದೆ. ಇದು ಸರಿಯಲ್ಲ. ಉಗುರಿನ ಗಟ್ಟಿತನ ಕೆರಾಟಿನ್ನಿನದು, ಸುಣ್ಣದ್ದಲ್ಲ. ಬಿಳಿ ಚುಕ್ಕೆ ಬಹುಮಟ್ಟಿಗೆ ಬುಡಕ್ಕೆ ತಾಗಿದ ಸಣ್ಣ ಪೆಟ್ಟಿನ ಗುರುತು.

ಬುಡಕ್ಕೆ ಬೇಕಾದದ್ದು ಸಾಮಾನ್ಯವಾದ ಒಳ್ಳೆಯ ಊಟ: ಬೇಳೆ, ಕಾಳು, ಶೇಂಗಾ, ಸೊಪ್ಪು, ಹಾಲು, ತಿನ್ನುವವರಿಗೆ ಮೊಟ್ಟೆ ಮೀನು. ರಕ್ತದಲ್ಲಿ ಕಬ್ಬಿಣದ ಅಂಶ ತೀರ ಕಡಿಮೆಯಾದರೆ ಉಗುರು ತೆಳುವಾಗಿ ಚಮಚದಂತೆ ನಡುವೆ ತಗ್ಗಾಗುವುದುಂಟು. ಥೈರಾಯ್ಡ್ ಗ್ರಂಥಿಯ ದೋಷದಿಂದಲೂ ಉಗುರು ಪೆಡಸಾಗುತ್ತದೆ. ಇಂಥವಕ್ಕೆ ವೈದ್ಯರಲ್ಲಿ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕೇ ಹೊರತು ಅಂಗಡಿಯಲ್ಲಿ ಗುಳಿಗೆ ಕೇಳಬಾರದು.

ಬಯೋಟಿನ್ ಎಂಬ ಜೀವಸತ್ವದ ಗುಳಿಗೆಗೆ ಈಗ ದೊಡ್ಡ ಪ್ರಚಾರವಿದೆ. ಪೆಡಸಾದ ಉಗುರಿನ ಕೆಲವರಿಗೆ ಗುಣ ಕಂಡಿತೆಂದು ಸಣ್ಣ ಪ್ರಯೋಗಗಳು ಹೇಳಿವೆ. ಎಲ್ಲರಿಗೂ ಆಗುತ್ತದೆಂಬ ಆಧಾರವಿಲ್ಲ. ಹೆಚ್ಚಿನ ಪ್ರಮಾಣದಲ್ಲಿ ತೆಗೆದುಕೊಂಡರೆ ಥೈರಾಯ್ಡ್ ಮತ್ತು ಹೃದಯಕ್ಕೆ ಸಂಬಂಧಿಸಿದ ಕೆಲವು ರಕ್ತ ಪರೀಕ್ಷೆಗಳು ತಪ್ಪು ಉತ್ತರ ಕೊಡಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2017ರಲ್ಲಿ ಎಚ್ಚರಿಸಿತು. ನಮ್ಮ ಹುಡುಗ ಗುಳಿಗೆಗೆ ಸುರಿದ ಹಣದಲ್ಲಿ ಎರಡು ತಿಂಗಳು ಶೇಂಗಾ, ಮೊಟ್ಟೆ ತಿನ್ನಬಹುದಾಗಿತ್ತು.

4. ನೀರೇ ಮೊದಲ ಶತ್ರು

ಉಗುರು ನೀರನ್ನು ಹೀರುತ್ತದೆ. ಹೀರಿದಾಗ ಉಬ್ಬಿ ಮೆತ್ತಗಾಗುತ್ತದೆ. ಒಣಗಿದಾಗ ಕುಗ್ಗುತ್ತದೆ. ದಿನಕ್ಕೆ ಹತ್ತಾರು ಸಲ ಹೀಗೆ ಉಬ್ಬಿ ಕುಗ್ಗಿದರೆ ಪದರುಗಳ ನಡುವಿನ ಹಿಡಿತ ಸಡಿಲವಾಗಿ ತುದಿಯಲ್ಲಿ ಸೀಳುತ್ತದೆ. ಸಾಬೂನಿನ ಪುಡಿ ಇದ್ದರಂತೂ ಇನ್ನೂ ಬೇಗ. ನಮ್ಮ ತರುಣನ ರೋಗ ಇದೇ ಆಗಿತ್ತು. ಅವನ ರಕ್ತದಲ್ಲಿ ಕೊರತೆಯಿರಲಿಲ್ಲ. ಅವನ ಕೆಲಸದಲ್ಲಿ ನೀರು ಹೆಚ್ಚಾಗಿತ್ತು, ಅಷ್ಟೇ.

ಇದಕ್ಕೆ ಉಪಾಯ ರಬ್ಬರಿನ ಕೈಚೀಲ. ಒಳಗೆ ತೆಳುವಾದ ನೂಲಿನ ಕೈಚೀಲ ತೊಟ್ಟು ಮೇಲೆ ರಬ್ಬರಿನದನ್ನು ತೊಟ್ಟರೆ ಬೆವರಿನಿಂದಲೂ ಉಗುರು ನೆನೆಯುವುದಿಲ್ಲ. ನೂಲಿನದನ್ನು ದಿನವೂ ಒಗೆದು ಒಣಗಿಸಬೇಕು. ಕೆಲಸ ಮುಗಿದ ಮೇಲೆ ಕೈ ಒರೆಸಿಕೊಂಡು, ರಾತ್ರಿ ಮಲಗುವಾಗ ಉಗುರಿಗೂ ಅದರ ಬುಡದ ಚರ್ಮಕ್ಕೂ ಎರಡು ತೊಟ್ಟು ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ತಿಕ್ಕಬೇಕು. ಎಣ್ಣೆ ಉಗುರನ್ನು ಬೆಳೆಸುವುದಿಲ್ಲ, ಅದು ಬೇಗ ಒಣಗಿ ಬಿರಿಯದಂತೆ ತಡೆಯುತ್ತದೆ.

ಉಗುರು ಗಟ್ಟಿ ಮಾಡುವ ಬಣ್ಣಗಳೆಂದು ಮಾರುವುದುಂಟು. ಅವುಗಳಲ್ಲಿ ಫಾರ್ಮಲಿನ್ ಜಾತಿಯದು ಮೊದಲು ಗಟ್ಟಿ ಮಾಡಿದಂತೆ ಕಂಡರೂ ಕ್ರಮೇಣ ಉಗುರನ್ನು ಪೆಡಸು ಮಾಡುತ್ತದೆ. ಬಾಗದ ಉಗುರು ಮುರಿಯುತ್ತದೆ. ಬಣ್ಣ ಅಳಿಸುವ ಅಸಿಟೋನ್ ಕೂಡ ಉಗುರನ್ನು ಒಣಗಿಸುತ್ತದೆ.

ಉಗುರನ್ನು ಆಯುಧವಾಗಿ ಬಳಸಬಾರದೆಂಬುದು ಇನ್ನೊಂದು ನಿಯಮ. ಡಬ್ಬಿಯ ಮುಚ್ಚಳಕ್ಕೆ ಚಮಚ ಇದೆ, ದಾರದ ಗಂಟಿಗೆ ಕತ್ತರಿ ಇದೆ. ಕಾರಕೂನ ಬಂಧುಗಳು ಕಾಗದದ ಪಿನ್ನನ್ನು ಉಗುರಿನಿಂದ ಕೀಳುವ ಅಭ್ಯಾಸವನ್ನು ಬಿಡಬೇಕು. ಇದನ್ನು ನಾನು ನನಗೇ ಹೇಳಿಕೊಳ್ಳುತ್ತಿದ್ದೇನೆ.

5. ಅರದಿಂದ ರೂಪಿಸುವುದು

ಉಗುರು ಕತ್ತರಿಯ ಒತ್ತಡದಿಂದ ಪದರು ಸೀಳುತ್ತದೆ. ಆದುದರಿಂದ ಗಿಟಾರಿನವರು ಬಲಗೈಯ ಉಗುರನ್ನು ಕತ್ತರಿಸುವುದಿಲ್ಲ, ಅರದಿಂದ ತೇಯುತ್ತಾರೆ. ಒರಟಾದ ಅರ ಬೇಡ. ಉಗುರು ಒಣಗಿರುವಾಗ, ಬದಿಯಿಂದ ನಡುವಿಗೆ ಒಂದೇ ದಿಕ್ಕಿನಲ್ಲಿ ಎಳೆಯಬೇಕು. ಗರಗಸದಂತೆ ಹಿಂದಕ್ಕೆ ಮುಂದಕ್ಕೆ ಆಡಿಸಬಾರದು.

ಉದ್ದವೆಷ್ಟು? ಅಂಗೈ ನಿಮ್ಮ ಕಡೆಗಿರುವಂತೆ ಬೆರಳನ್ನು ಎತ್ತಿ ಹಿಡಿಯಿರಿ. ಬೆರಳ ತುದಿಯ ಮೇಲೆ ಉಗುರು 1ರಿಂದ 2 ಮಿಲಿಮೀಟರು ಕಾಣಿಸಿದರೆ ಸಾಕು. ಹೆಬ್ಬೆರಳಿನದು ಸ್ವಲ್ಪ ಹೆಚ್ಚಿರಬಹುದು. ಉದ್ದವಾದಷ್ಟೂ ಒಳ್ಳೆಯದೆಂದು ತಿಳಿಯುವುದು ತಪ್ಪು. ಉದ್ದನೆಯ ಉಗುರು ರಾಸ್ಗೆಆದೊದಲ್ಲಿ ತಂತಿಗೆ ಸಿಕ್ಕಿ ಮುರಿಯುತ್ತದೆ. ಅಂಚು ಬೆರಳ ತುದಿಯ ದುಂಡನ್ನೇ ಅನುಸರಿಸಬೇಕು. ತಂತಿ ಎಲ್ಲಿಯೂ ತಡೆಯದೆ ಜಾರಬೇಕು.

ಅರದ ಮೇಲೆ ನುಣುಪಿನ ಕೆಲಸ. ಬಣ್ಣದವರು ವಾಟರ್ ಪೇಪರ್ ಎನ್ನುವ ಕಪ್ಪು ಕಾಗದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಮೊದಲು 600 ನಂಬರಿನದು, ಆಮೇಲೆ 1000, ಕೊನೆಗೆ 2000. ಒಂದೊಂದು ಹಾಳೆ ಅನೇಕ ತಿಂಗಳು ಬಾಳುತ್ತದೆ. ಅಂಚಿನ ಒಳಮೈಯನ್ನೂ ಹೀಗೆ ತೇಯಬೇಕು. ಅಂಚಿನಲ್ಲಿ ಉಳಿದ ಸಣ್ಣ ಕಚ್ಚೇ ನಾಳೆಯ ಸೀಳು. ಸ್ವರವೂ ಕರಕರ ಎನ್ನುವುದು ಅದರಿಂದಲೇ.

ಎಡಗೈಯ ಮಾತು ಬೇರೆ. ಅದು ತಂತಿಯನ್ನು ಒತ್ತುವ ಕೈ. ಅಲ್ಲಿ ಉಗುರನ್ನು ಪೂರ್ತಿ ಮೋಟಾಗಿ ಇಡತಕ್ಕದ್ದು.

6. ಅಂಟಿನ ಕವಚ, ಮತ್ತು ನನ್ನ ತಪ್ಪು

ರಾಸ್ಗೆಆದೊ, ಗೋಲ್ಪೆಗಳಲ್ಲಿ ಉಗುರಿನ ಬೆನ್ನು ಸವೆಯುವುದನ್ನು ತಡೆಯಲು ಅನೇಕ ಫ್ಲಮೆಂಕೊ ವಾದಕರು ಉಗುರಿನ ಮೇಲೆ ಕ್ಷಣದಲ್ಲಿ ಅಂಟುವ ಗೋಂದಿನ ಲೇಪ ಹಚ್ಚುತ್ತಾರೆ. ಸಯನೊಆಕ್ರಿಲೇಟ್ ಎಂಬುದು ಅದರ ರಾಸಾಯನಿಕ ಹೆಸರು. 1958ರಿಂದ ಅದು ಮಾರಾಟದಲ್ಲಿದೆ. ಉಗುರಿಗೆಂದು ಅದನ್ನು ಮಾಡಿದ್ದಲ್ಲ. ವಾದಕರು ತಾವಾಗಿ ಕಂಡುಕೊಂಡ ಉಪಯೋಗ ಇದು.

ಈ ಗೋಂದು ಗಾಳಿಯ ಮತ್ತು ಚರ್ಮದ ತೇವದಿಂದ ಗಟ್ಟಿಯಾಗುತ್ತದೆ. ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ತೆಳುವಾಗಿ ಹಚ್ಚಿದರೆ ಶಾಖ ತಿಳಿಯುವುದಿಲ್ಲ. ಆದರೆ ಹತ್ತಿಗೋ ಉಣ್ಣೆಗೋ ತಾಗಿತೆಂದರೆ ಕ್ಷಣಮಾತ್ರದಲ್ಲಿ ಬಿಸಿಯೇರಿ ಹೊಗೆಯೇಳುತ್ತದೆ, ಚರ್ಮ ಸುಡುತ್ತದೆ.

ಇದು ಅಂದು ನನಗೆ ತಿಳಿದಿರಲಿಲ್ಲ. ಹುಡುಗ ಯಾರೋ ಹೇಳಿದ್ದನ್ನು ಕೇಳಿ ಈ ಗೋಂದನ್ನು ತಂದಿದ್ದ. ವಾಚನಾಲಯದ ಹೊರಗೆ ಮೆಟ್ಟಿಲ ಮೇಲೆ ಕುಳಿತು ಹಚ್ಚಿಕೊಳ್ಳುತ್ತಿದ್ದಾಗ ತೋರುಬೆರಳಿನ ಮೇಲೆ ಹೆಚ್ಚಾಗಿ ಸುರಿಯಿತು. ನಾನು ಗಿರಣಿಯ ಮನುಷ್ಯ. ನನ್ನ ಚೀಲದಲ್ಲಿ ಹತ್ತಿ ಇದ್ದೇ ಇರುತ್ತದೆ. “ತಗೋ, ಒರೆಸಿಕೋ” ಎಂದು ಹಿಡಿ ಹತ್ತಿ ಕೊಟ್ಟೆ. ಹೊಗೆಯೆದ್ದಿತು, ಹುಡುಗ ಕೂಗಿಕೊಂಡ. ಹತ್ತಿ ಬೆರಳಿಗೆ ಅಂಟಿಬಿಟ್ಟಿತ್ತು. ಬೆರಳನ್ನು ನಲ್ಲಿಯ ಕೆಳಗೆ ಹಿಡಿಸಿ, ಆಮೇಲೆ ದವಾಖಾನೆಗೆ ಕರೆದೊಯ್ದೆ. ಬೊಬ್ಬೆ ಮಾಯುವ ತನಕ ಮೂರು ವಾರ ಗಿಟಾರು ಮುಟ್ಟುವಂತಿರಲಿಲ್ಲ. ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅನ್ನದಿದ್ದುದೇ ನನಗೆ ಹೆಚ್ಚು ನೋವಾಯಿತು. ಗಿರಣಿಗಳಲ್ಲಿ, ಹೊಲಿಗೆ ಅಂಗಡಿಗಳಲ್ಲಿ, ಹಾಸಿಗೆ ತುಂಬುವಲ್ಲಿ ದುಡಿಯುವ ಬಂಧುಗಳು ನಮ್ಮಲ್ಲಿ ಬಹಳ ಮಂದಿ. ಅವರೆಲ್ಲರೂ ಇದನ್ನು ನೆನಪಿಡಬೇಕೆಂದೇ ನನ್ನ ತಪ್ಪನ್ನು ಇಲ್ಲಿ ಬರೆದಿದ್ದೇನೆ.

ಹಚ್ಚಲೇಬೇಕೆನ್ನುವವರು ಈ ಎಚ್ಚರಿಕೆಗಳನ್ನು ಪಾಲಿಸಬೇಕು. ಗಾಳಿಯಾಡುವ ಕಡೆ ಕುಳಿತುಕೊಳ್ಳಿ. ನೂಲಿನ ಬಟ್ಟೆ, ಹತ್ತಿ, ಕೈವಸ್ತ್ರ ಹತ್ತಿರ ಇರಕೂಡದು. ಮಕ್ಕಳು ಬಳಿಯಿರಬಾರದು. ಶುಚಿಯಾದ, ಒಣಗಿದ ಉಗುರಿನ ಬೆನ್ನಿಗೆ ಮಾತ್ರ, ಚರ್ಮಕ್ಕೆ ತಾಗದಂತೆ, ಒಂದೇ ತೊಟ್ಟನ್ನು ತೆಳುವಾಗಿ ಹರಡಿ. ಪೂರ್ತಿ ಒಣಗಿದ ಮೇಲೆ ಎರಡನೆಯ ಲೇಪ. ಬೆರಳು ಬೆರಳಿಗೆ ಅಂಟಿದರೆ ಎಳೆಯಬೇಡಿ. ಬೆಚ್ಚನೆಯ ಸಾಬೂನು ನೀರಿನಲ್ಲಿ ನೆನೆಸಿ ಮೆಲ್ಲಗೆ ಬಿಡಿಸಿ. ಕಣ್ಣಿಗೆ ಸಿಡಿದರೆ ಕೂಡಲೇ ನೀರಿನಿಂದ ತೊಳೆದು ವೈದ್ಯರಲ್ಲಿ ಹೋಗಿ. ಚರ್ಮ ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರಿನಡಿ ಹಿಡಿದು, ಅಂಟಿದ್ದನ್ನು ಕೀಳದೆ ದವಾಖಾನೆಗೆ ಹೋಗಿ.

ಲೇಪ ಅಂಚಿನಲ್ಲಿ ಎದ್ದರೆ ಅದರ ಮೇಲೆಯೇ ಮತ್ತೆ ಹಚ್ಚಬಾರದು. ಸಂದಿಯಲ್ಲಿ ನೀರು ನಿಂತು ಸೂಕ್ಷ್ಮಜೀವಿಗಳು ಬೆಳೆದು ಉಗುರು ಹಸಿರಾಗುವುದುಂಟು. ಬುಡದಲ್ಲಿ ಕೆಂಪು, ತುರಿಕೆ, ಊತ ಕಂಡರೆ ಒಗ್ಗಲಿಲ್ಲವೆಂದು ತಿಳಿದು ನಿಲ್ಲಿಸಬೇಕು. ಸೌಂದರ್ಯ ಮಳಿಗೆಗಳಲ್ಲಿ ಕೂರಿಸುವ ಅಕ್ರಿಲಿಕ್ ಉಗುರನ್ನೂ ಕೆಲವು ವಾದಕರು ಹಾಕಿಸಿಕೊಳ್ಳುತ್ತಾರೆ. ಅದು ಗಟ್ಟಿ ನಿಜ. ಆದರೆ ಸ್ವಂತ ಉಗುರು ಅಡಿಯಲ್ಲಿ ತೆಳುವಾಗುತ್ತದೆ, ಖರ್ಚು ತಿರುತಿರುಗಿ ಬರುತ್ತದೆ. ಅದರ ರಸಾಯನ ಮೈಗೆ ಒಗ್ಗದೆ ಹೋದರೆ ಮುಂದೆ ಹಲ್ಲಿನ ಚಿಕಿತ್ಸೆಯ ಸಾಮಗ್ರಿಯೂ ಒಗ್ಗದಿರಬಹುದು.

7. ಉಗುರು ಮುರಿದ ದಿನ

ಎಷ್ಟು ಕಾಪಾಡಿದರೂ ಒಂದು ದಿನ ಮುರಿಯುತ್ತದೆ. ಸಣ್ಣ ಬಿರುಕಾದರೆ ಚಹದ ಪುಡಿಕೆಯ ತೆಳು ಕಾಗದದ ಚೂರನ್ನು ಅದರ ಮೇಲಿಟ್ಟು, ಮೇಲೆ ಹೇಳಿದ ಎಚ್ಚರಿಕೆಯಿಂದ ಒಂದು ತೊಟ್ಟು ಗೋಂದು ಹಾಕಿ, ಒಣಗಿದ ಮೇಲೆ ತೇದರೆ ಬಿರುಕು ಬೆಳೆಯುವ ತನಕ ತಡೆದೀತು. ಬಿರುಕು ಮಾಂಸದ ತನಕ ಹೋಗಿದ್ದರೆ, ರಕ್ತ ಬಂದಿದ್ದರೆ ಗೋಂದು ಮುಟ್ಟಿಸಬಾರದು.

ಪೂರ್ತಿ ಮುರಿದರೆ ಉಳಿದ ಉಗುರುಗಳನ್ನೂ ಅದರ ಸಮಕ್ಕೆ ತಂದು ಮಾಂಸದಿಂದ ನುಡಿಸಿರಿ. ಸ್ವರ ಮೆತ್ತಗಿರುತ್ತದೆ, ಪಾಠ ತಪ್ಪುವುದಿಲ್ಲ. ಮೂರು ನಾಲ್ಕು ವಾರಗಳಲ್ಲಿ ಬೇಕಾದಷ್ಟು ಬೆಳೆದಿರುತ್ತದೆ. ಎಡಗೈಯ ಸಾಧನೆಗೂ ತಾಳಕ್ಕೂ ಉಗುರು ಬೇಡ. ನಮ್ಮ ಹುಡುಗನ ಗುರುಗಳು ಆ ಮೂರು ವಾರ ಅವನಿಂದ ಚಪ್ಪಾಳೆಯನ್ನೇ ಹೊಡೆಸಿದರು. ಫ್ಲಮೆಂಕೊದಲ್ಲಿ ಅದೂ ಒಂದು ವಿದ್ಯೆ, ಹೆಸರು ಪಾಲ್ಮಾಸ್. ಸೋಲೆಆ ಎಂಬ ಬಗೆಯಲ್ಲಿ 12 ಎಣಿಕೆಯ ಆವರ್ತನೆಯಿದೆ; 3, 6, 8, 10, 12ನೆಯ ಎಣಿಕೆಗೆ ಒತ್ತು. ಪಾತ್ರೆ ತೊಳೆಯುವಾಗಲೂ ಅವನು ಬಾಯಲ್ಲಿ ಇದನ್ನೇ ಎಣಿಸುತ್ತಿದ್ದನಂತೆ. ಬೆರಳು ಮಾಯುವ ಹೊತ್ತಿಗೆ ಅವನ ತಾಳ ಮೊದಲಿಗಿಂತ ಗಟ್ಟಿಯಾಗಿತ್ತೆಂದು ಗುರುಗಳೇ ಹೇಳಿದರು.

ನೆನಪಿಡತಕ್ಕ ಮಾತುಗಳು

1. ಹೊರಗೆ ಕಾಣುವ ಉಗುರಿಗೆ ಜೀವವಿಲ್ಲ. ಪೋಷಣೆ ಊಟದಿಂದ ಬುಡಕ್ಕೆ, ರಕ್ಷಣೆ ಕೈಯಿಂದ ತುದಿಗೆ.
2. ನೀರಿನ ಕೆಲಸಕ್ಕೆ ಕೈಚೀಲ, ರಾತ್ರಿಗೆ ಎಣ್ಣೆ.
3. ಕತ್ತರಿ ಬೇಡ, ನಯವಾದ ಅರ ಮತ್ತು ಕಾಗದ ಸಾಕು. ಉದ್ದ 1ರಿಂದ 2 ಮಿಲಿಮೀಟರು.
4. ಕ್ಷಣದಲ್ಲಿ ಅಂಟುವ ಗೋಂದಿನ ಬಳಿ ಹತ್ತಿ ಎಂದಿಗೂ ಕೂಡದು.
5. ಫಲಕ್ಕೆ ಆರು ತಿಂಗಳು ಕಾಯಬೇಕು.

ಆ ಸಂಜೆಯ ಪ್ರಶ್ನೆಗೆ ಈಗ ಉತ್ತರ ಕೊಡಬಲ್ಲೆ. ಹುಡುಗ ಈಗಲೂ ಅದೇ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾನೆ, ಕೈಚೀಲ ತೊಟ್ಟು. ಮೊದಲ ವಾರ ಜೊತೆಯವರು ನಕ್ಕರಂತೆ, ಈಗ ಅವರಲ್ಲಿ ಇಬ್ಬರು ತಾವೂ ತೊಡುತ್ತಾರೆ. ಗುಳಿಗೆ ನಿಲ್ಲಿಸಿದ್ದಾನೆ. ಉಗುರು ಇನ್ನೂ ಆಗಾಗ ಮುರಿಯುತ್ತದೆ, ಮೊದಲಿನಂತೆ ಪದರು ಏಳುವುದಿಲ್ಲ. ದುಡಿಯುವ ಕೈಗೆ ಗಿಟಾರು ಒಗ್ಗುವುದಿಲ್ಲವೆಂದು ಹೇಳಿದವರು ಯಾರೋ ನನಗೆ ತಿಳಿಯದು. ಒಗ್ಗುತ್ತದೆ, ತಮ್ಮಾ. ಕೈಯನ್ನು ಸ್ವಲ್ಪ ನೋಡಿಕೊಳ್ಳಬೇಕು, ಅಷ್ಟೆ.